ಹಿತ್ತಲಿನ ಯೆಜ್ಡಿಗಳು

ಹಾವೇರಿ ಜಿಲ್ಲೆಯಲ್ಲಿ ಹಳೆಯ ಜಾವಾ ಅಥವಾ ಯೆಜ್ಡಿ ಮೋಟರ್‌ಸೈಕಲ್ ಬೇಕೆಂದರೆ ಗಾಡಿ ದಲಾಲರ ಹತ್ತಿರ ಹೋಗಿ ಪ್ರಯೋಜನವಿಲ್ಲ. ಹಿತ್ತಲಿಗೇ ಹೋಗಬೇಕು. ದನದ ಕೊಟ್ಟಿಗೆಯ ಮೂಲೆಯಲ್ಲಿ, ಹೊಟ್ಟು ತುಂಬಿದ ಕೋಣೆಯಲ್ಲಿ, ಕಟ್ಟಿಗೆ ಒಟ್ಟಿದ ಚಪ್ಪರದ ಕೆಳಗೆ ಅದು ಗೋಣಿಚೀಲ ಹೊದ್ದು ನಿಂತಿರುತ್ತದೆ. ಸೀಟಿನ ಮೇಲೆ ಕೋಳಿ ಕೂತಿರುತ್ತದೆ, ಹ್ಯಾಂಡಲ್ಲಿಗೆ ಎತ್ತಿನ ಹಗ್ಗ ನೇತುಬಿದ್ದಿರುತ್ತದೆ. ಮನೆಯವರಿಗೆ ಅದು ಅಲ್ಲಿರುವುದು ಗೊತ್ತು, ಆದರೆ ಕಣ್ಣಿಗೆ ಕಾಣುವುದು ಎಂದೋ ನಿಂತುಹೋಗಿರುತ್ತದೆ.

ನಾನು ಅವುಗಳನ್ನು ಕಂಡದ್ದು ಮಾಸ್ತರಿಕೆಯ ದಾರಿಯಲ್ಲಿ. ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಈ ನಾಲ್ಕು ತಾಲ್ಲೂಕುಗಳಲ್ಲೇ ವರ್ಗವಾಗುತ್ತ ನನ್ನ ನೌಕರಿಯ ಹೆಚ್ಚಿನ ಕಾಲ ಕಳೆಯಿತು. ಮಾಸ್ತರರಿಗೆ ಪಾಠದ ಜೊತೆಗೆ ಜನಗಣತಿಯೂ ಇರುತ್ತದೆ. 2001ರ ಜನಗಣತಿಗೆ ಮುಂಚೆ ಮನೆಪಟ್ಟಿ ಮಾಡುವಾಗ ಮೊದಲ ಸಲ ಮನೆಯಲ್ಲಿ ಏನೇನು ಸಾಮಾನಿದೆ ಎಂದು ಕೇಳಿ ಬರೆಯಬೇಕಿತ್ತು. ರೇಡಿಯೊ, ಟೀವಿ, ಸೈಕಲ್, ಅದಾದ ಮೇಲೆ ಸ್ಕೂಟರ್ ಅಥವಾ ಮೋಟರ್‌ಸೈಕಲ್. ಆ ಪ್ರಶ್ನೆಗೆ ಬರುತ್ತಿದ್ದ ಉತ್ತರ ನನಗೆ ಈಗಲೂ ಕಿವಿಯಲ್ಲಿದೆ: "ಐತ್ರಿ ಸರ. ಆದ್ರ ಓಡಂಗಿಲ್ಲ. ಬರ್ಕೊಳ್ರಿ, ಬಿಡ್ರಿ, ನಿಮಗ ಬಿಟ್ಟದ್ದು." ಅಂಥ ಕಡೆ ನಾನು ಪಟ್ಟಿ ಬದಿಗಿಟ್ಟು ಹಿತ್ತಲಿಗೆ ನಡೆದುಬಿಡುತ್ತಿದ್ದೆ.

ಅಮೆರಿಕದಲ್ಲಿ ಹಳೆಯ ಮಸ್ಟಾಂಗ್, ಪಾಂಟಿಯಾಕ್ ಜಿಟಿಒ ಕಾರುಗಳನ್ನು ತೋಟದ ಮನೆಗಳ ಕಣಜಗಳಿಂದ ಹೊರಗೆಳೆದು ಜೀವ ಕೊಡುವವರ ದೊಡ್ಡ ಬಳಗವೇ ಇದೆ. 1964ರ ಸುಮಾರಿಗೆ ಶುರುವಾದ ಆ ದೈತ್ಯ ಎಂಜಿನ್ನಿನ ಕಾರುಗಳು ನಮ್ಮ ಕಡೆ ಬರಲೇ ಇಲ್ಲ, ಬರುವಂತೆಯೂ ಇರಲಿಲ್ಲ. ನಮ್ಮ ತಾರುಣ್ಯದ ಬಲ, ಸದ್ದು, ಸೊಕ್ಕು ಎಲ್ಲ ಬಂದದ್ದು ಮೈಸೂರಿನಿಂದ. ರುಸ್ತುಂ ಇರಾನಿ, ಫರೂಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಂಪನಿ ಚೆಕೊಸ್ಲೊವಾಕಿಯಾದ ಜಾವಾದ ಪರವಾನಗಿಯಲ್ಲಿ 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ಮೋಟರ್‌ಸೈಕಲ್ ಮಾಡತೊಡಗಿತು. ಕಾರ್ಖಾನೆ ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರು. 1973ರಿಂದ ಅದೇ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ಅದರ ರೋಡ್‌ಕಿಂಗ್ ಮಾದರಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮೂವತ್ತೈದು ವರ್ಷ ಕರ್ನಾಟಕದ ನೆಲದಲ್ಲೇ ತಯಾರಾದ ಮೋಟರ್‌ಸೈಕಲ್ ಅದು. ಅದರ ಮೇಲೆ ನನಗಿರುವ ಅಭಿಮಾನದಲ್ಲಿ ಈ ಮಾತಿಗೂ ಪಾಲಿದೆ.

ಯೆಜ್ಡಿ ಓಡಿಸದವರಿಗೆ ಅದರ ರಚನೆ ಸ್ವಲ್ಪ ಹೇಳಬೇಕು. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. 65 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕು, ಒಟ್ಟು ಹೆಚ್ಚುಕಡಿಮೆ 250 ಸಿಸಿ. ಟೂ-ಸ್ಟ್ರೋಕ್ ಆದದ್ದರಿಂದ ಎಂಜಿನ್ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು, ಲೀಟರಿಗೆ 40 ಮಿಲಿ. ಎಡಗಡೆ ಒಂದೇ ಸನ್ನೆ ಇರುತ್ತದೆ. ಅದನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಗಾಡಿ ಶುರುವಾದ ಮೇಲೆ ಮುಂದಕ್ಕೆ ಮಡಿಸಿದರೆ ಗೇರು. ಗೇರು ಹಾಕುವಾಗ ಆ ಸನ್ನೆಯೇ ಒಳಗಿನಿಂದ ಕ್ಲಚ್ಚನ್ನೂ ಬಿಡಿಸುತ್ತದೆ. ಬಲಗಡೆ ಕಿಕ್ ಇರುವ ಗಾಡಿಗೆ ಒಗ್ಗಿದವರು ಮೊದಲ ಸಲ ಯೆಜ್ಡಿ ಹತ್ತಿದಾಗ ಬಲಗಾಲಿನಿಂದ ಗಾಳಿಯಲ್ಲಿ ತಡಕಾಡುವುದನ್ನು ನಮ್ಮೂರ ಸಂತೆಯಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಹೊಲದ ದಾರಿಗೆ ಹೇಳಿ ಮಾಡಿಸಿದ ಗಾಡಿ ಅದು. ಇಬ್ಬರು ಕೂತು, ಹಿಂದೆ ಜೋಳದ ಚೀಲ ಕಟ್ಟಿಕೊಂಡು ಏರು ಹತ್ತುತ್ತಿತ್ತು. ದನದ ಡಾಕ್ಟರು, ಹಾಲಿನವರು, ಎಲೆ ವ್ಯಾಪಾರಿಗಳು, ಬ್ಯಾಂಕಿನ ಸಾಲ ವಸೂಲಿಯವರು ಎಲ್ಲರೂ ಅದರ ಮೇಲೆಯೇ ಓಡಾಡಿದರು. ಆಮೇಲೆ ಕಾಲ ಬದಲಾಯಿತು. 1985ರಲ್ಲಿ ಬಂದ ಹೀರೊ ಹೋಂಡಾ ಸಿಡಿ 100 ಲೀಟರಿಗೆ ಕೊಡುತ್ತಿದ್ದ ಮೈಲೇಜಿನ ಮುಂದೆ ಯೆಜ್ಡಿ ಲೆಕ್ಕಕ್ಕೇ ಬರಲಿಲ್ಲ. 1996ರ ಹೊಗೆ ನಿಯಮಗಳೂ ಟೂ-ಸ್ಟ್ರೋಕಿಗೆ ಭಾರವಾದವು. ಒಂದೊಂದೇ ಗಾಡಿ ಹಿತ್ತಲು ಸೇರಿತು. ಕೆಲವನ್ನು ಗುಜರಿಯವರು ಕಿಲೋ ಲೆಕ್ಕದಲ್ಲಿ ಒಯ್ದರು. ಉಳಿದವು ಉಳಿದದ್ದು ನಮ್ಮ ಜನಕ್ಕೆ ಒಮ್ಮೆ ಪೂಜೆ ಮಾಡಿದ ವಸ್ತುವನ್ನು ಹೊರಗೆ ಹಾಕಲು ಮನಸ್ಸು ಬಾರದ್ದರಿಂದ.

ಅಂಥ ಗಾಡಿ ಕೊಳ್ಳುವುದಕ್ಕೆ ನಮ್ಮ ಕಡೆ ಒಂದು ಕ್ರಮವಿದೆ. ಮೊದಲ ದಿನ ದರದ ಮಾತೇ ಆಡಬಾರದು. ಚಾ ಕುಡಿಯಬೇಕು, ಮಳಿ-ಬೆಳಿ ಮಾತಾಡಬೇಕು, ಗಾಡಿಯ ಸುತ್ತ ಒಮ್ಮೆ ನಡೆದು ಸುಮ್ಮನೆ ಬರಬೇಕು. "ಮಾರಂಗಿಲ್ರಿ, ಅಪ್ಪನ ನೆನಪಿಗೆ ಇಟ್ಕೊಂಡೀವಿ" ಎಂದರೆ ಅದನ್ನು ಗೌರವಿಸಬೇಕು. ಎರಡನೆಯ ಭೇಟಿಯಲ್ಲಿ ಆರ್‌ಸಿ ಬುಕ್ ನೋಡಬೇಕು. ಎಂಜಿನ್ನಿನ ಮೇಲೆ ಕೆತ್ತಿದ ನಂಬರು, ಚಾಸಿಯ ಕೊರಳಿನ ಮೇಲಿನ ನಂಬರು, ಬುಕ್ಕಿನಲ್ಲಿ ಬರೆದ ನಂಬರು ಮೂರೂ ಕೂಡಿದರೆ ಮಾತ್ರ ಮುಂದಿನ ಮಾತು. ತುಕ್ಕಿನ ಕೆಳಗೆ ಅಂಕಿ ಓದಲಾಗದಿದ್ದರೆ ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿ, ಹಾಳೆ ಇಟ್ಟು, ಪೆನ್ಸಿಲ್ಲು ಆಡಿಸಿ ಅಚ್ಚು ತೆಗೆಯಬೇಕು. ಸುತ್ತಿಗೆ, ಉಳಿ ಆ ಜಾಗದ ಹತ್ತಿರ ಸುಳಿಯಬಾರದು.

ಕಾಗದದ ಕೆಲಸ ದೊಡ್ಡದು. ಬುಕ್ಕಿನಲ್ಲಿ ಹೆಸರಿರುವವರು ಎಷ್ಟೋ ಸಲ ತೀರಿಕೊಂಡಿರುತ್ತಾರೆ. ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ಫಾರಂ 31. ಆಮೇಲೆ ಕೊಳ್ಳುವವರ ಹೆಸರಿಗೆ ಫಾರಂ 29 ಮತ್ತು 30. ಹದಿನೈದು ವರ್ಷ ಮೀರಿದ ನೋಂದಣಿ ನವೀಕರಣಕ್ಕೆ ಫಾರಂ 25, ಅದು ಐದೈದು ವರ್ಷಕ್ಕೆ. ನಮ್ಮ ನಾಲ್ಕೂ ತಾಲ್ಲೂಕು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಹಾವೇರಿ ಜಿಲ್ಲೆಯಾಗಿ ಕೆಎ 27 ಬಂದದ್ದು ಆಮೇಲೆ. ಹೀಗಾಗಿ ಹಳೆಯ ಗಾಡಿಯ ಮೂಲ ದಾಖಲೆ ಹುಡುಕುವವರು ಬೇರೆ ಊರಿಗೂ ಹೋಗಬೇಕಾಗುತ್ತದೆ. ಕೆಲವು ಗಾಡಿಗಳ ಮೇಲೆ ಮೈಸೂರು ರಾಜ್ಯದ ಕಾಲದ 'ಎಂವೈ' ಎಂದು ಶುರುವಾಗುವ ನಂಬರು ಇನ್ನೂ ಇರುತ್ತದೆ. ಆ ಫಲಕ ಕಂಡಾಗ ನನ್ನ ಎದೆ ಈಗಲೂ ಹೊಡೆದುಕೊಳ್ಳುತ್ತದೆ.

ನನ್ನ ಮೊದಲ ಗಾಡಿ ಸಿಕ್ಕಿದ್ದು ಹಾನಗಲ್ಲ ತಾಲ್ಲೂಕಿನ ಪಡುವಣ ದಿಕ್ಕಿನಲ್ಲಿ, ಶಿರಸಿ ರಸ್ತೆಯ ಬದಿಯ ಹಳ್ಳಿಯೊಂದರಲ್ಲಿ. ಅದು ಅರೆಮಲೆನಾಡು. ಭತ್ತದ ಗದ್ದೆ, ಮಾವಿನ ತೋಟ, ಆಷಾಢದಲ್ಲಿ ಬಿಡದೆ ಸುರಿಯುವ ಮಳೆ. ಅಲ್ಲಿ ತುಕ್ಕು ಒಳಗಿನಿಂದ ತಿನ್ನುತ್ತದೆ. ಮಡ್‌ಗಾರ್ಡಿನ ಮೇಲ್ಮೈ ಚೆನ್ನಾಗಿ ಕಾಣುತ್ತಿತ್ತು, ಬೆರಳಿಂದ ಕೆಳಗೆ ಒತ್ತಿದರೆ ತಗಡು ಹಪ್ಪಳವಾಗಿ ಪುಡಿಯಾಯಿತು. ಎಂಜಿನ್ ಜಾಮ್ ಆಗಿತ್ತು. ಆದರೆ ಹೆಡ್‌ಲೈಟಿನ ಮೇಲೆ ಯಾವನೋ ಪೇಂಟರು ಹಳದಿ ಬಣ್ಣದಲ್ಲಿ, ಕೆಂಪು ನೆರಳು ಕೊಟ್ಟು, 'ಶ್ರೀ ತಾರಕೇಶ್ವರ ಪ್ರಸನ್ನ' ಎಂದು ಬರೆದಿದ್ದ. ಅಕ್ಷರದ ಕೊಂಬು, ಸುಳಿ, ಒತ್ತಕ್ಷರ ಎಲ್ಲ ಕೈಯಿಂದಲೇ ಎಳೆದದ್ದು. ಹಾನಗಲ್ಲಿನ ತಾರಕೇಶ್ವರ ಗುಡಿಯ ಭುವನೇಶ್ವರಿಯನ್ನು, ಅಂದರೆ ಚಾವಣಿಯ ಕಲ್ಲಿನಲ್ಲಿ ಕಡೆದ ಆ ದೊಡ್ಡ ಕಮಲವನ್ನು ನೋಡಿದವರಿಗೆ ಆ ಊರಿನವರು ತಮ್ಮ ಗಾಡಿಗೂ ಆ ಹೆಸರನ್ನೇ ಏಕೆ ಬರೆಸಿದರು ಎಂದು ಬಿಡಿಸಿ ಹೇಳಬೇಕಿಲ್ಲ.

ಗಾಡಿಯನ್ನು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹಾಕಿಸಿಕೊಂಡು ಬಂಕಾಪುರಕ್ಕೆ ತಂದೆ. ಅಲ್ಲಿ ಒಬ್ಬರು ಮಿಸ್ತ್ರಿ ಇದ್ದರು. ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಶಿಗ್ಗಾವಿ ತಾಲ್ಲೂಕಿನ ಯೆಜ್ಡಿಗಳೆಲ್ಲ ಒಮ್ಮೆಯಾದರೂ ಅವರ ಕೈಯಲ್ಲಿ ಬಿಚ್ಚಿಕೊಂಡವುಗಳೇ. ಹೆದ್ದಾರಿ ಅಗಲವಾಗುವ ಮೊದಲು ಅವರ ಅಂಗಡಿ ರಸ್ತೆಗೆ ಮುಖ ಮಾಡಿತ್ತು, ಆಮೇಲೆ ಒಳ ಓಣಿಗೆ ಸರಿಯಿತು. ಅವರು ಗಾಡಿ ನೋಡಿದ ಕೂಡಲೆ ಸ್ಪ್ಯಾನರ್ ಹಿಡಿಯಲಿಲ್ಲ. ಪ್ಲಗ್ ಬಿಚ್ಚಿ, ಆ ತೂತಿನಿಂದ ಸಿಲಿಂಡರಿಗೆ ಡೀಸೆಲ್ ತುಂಬಿ, "ಮಾಸ್ತರ, ಇನ್ನ ಎಂಟ್ ದಿನ ಇದರ ಕಡೆ ನೋಡಬ್ಯಾಡ್ರಿ" ಎಂದರು. ಒದ್ದು ಬಿಡಿಸಲು ಹೋದರೆ ಕಾನ್‌ರಾಡ್ ಬಾಗುತ್ತದೆ, ಪಿಸ್ಟನ್ ಸಿಲಿಂಡರನ್ನು ಕೆರೆಯುತ್ತದೆ. ಡೀಸೆಲ್ ಮೆಲ್ಲಗೆ ರಿಂಗುಗಳ ಸಂದಿಗೆ ಇಳಿದು ತುಕ್ಕನ್ನು ಸಡಿಲಿಸಿದರೆ ಕೈಯಿಂದ ನೂಕಿದರೂ ಸರಿಯುತ್ತದೆ. ಹಾಗೆಯೇ ಸರಿಯಿತು. ಆ ಸಿಲಿಂಡರನ್ನು ಹುಬ್ಬಳ್ಳಿಯ ಲೇತಿನಲ್ಲಿ ಬೋರ್ ಮಾಡಿಸಿ, ದೊಡ್ಡ ಸೈಜಿನ ಪಿಸ್ಟನ್ ಹಾಕಿಸಿದೆವು. ಟ್ಯಾಂಕಿನೊಳಗಿನ ತುಕ್ಕು ಬಿಡಿಸಲು ಒಂದು ಹಿಡಿ ನಟ್ಟು, ಅರ್ಧ ಲೀಟರ್ ಸೀಮೆಎಣ್ಣೆ ಹಾಕಿ, ಬಾಯಿ ಮುಚ್ಚಿ, ನಾನೂ ಚಾಚಾ ಅವರ ಮೊಮ್ಮಗನೂ ಸರದಿಯ ಮೇಲೆ ಅಲ್ಲಾಡಿಸಿದೆವು. ಪಾಯಿಂಟಿನ ಅಂತರ 0.4 ಮಿಲಿಮೀಟರ್ ಇಡುವುದನ್ನು ನಾನು ಕಲಿತದ್ದು ಅವರಿಂದಲೇ. ಗೇಜ್ ಇದ್ದರೂ ಅವರು ಮೊದಲು ಕಣ್ಣಿಂದ ಇಟ್ಟು, ಆಮೇಲೆ ಗೇಜ್ ಹಾಕಿ ನನಗೆ ತೋರಿಸುತ್ತಿದ್ದರು. ತಪ್ಪುತ್ತಿರಲಿಲ್ಲ.

ಬಣ್ಣದ ಪ್ರಶ್ನೆ ಬಂದಾಗ ಹುಬ್ಬಳ್ಳಿಯ ಪೇಂಟರೊಬ್ಬರು ಎಲ್ಲ ಕೆರೆದು, ಪುಟ್ಟಿ ಬಡಿದು, ಕನ್ನಡಿಯಂಥ ಮರೂನ್ ಹೊಡೆದುಕೊಡುತ್ತೇನೆಂದರು. ಅವರ ಕೆಲಸ ಒಳ್ಳೆಯದೇ. ಆದರೆ ತಾರಕೇಶ್ವರನ ಹೆಸರು ಹೋಗುತ್ತಿತ್ತು. ಚಾಚಾ ಆಗ ಹೇಳಿದ ಮಾತಿಗೆ ನಾನು ಈವರೆಗೂ ಅಂಟಿಕೊಂಡಿದ್ದೇನೆ: "ತಿರಗೂದನ್ನ ರಿಪೇರಿ ಮಾಡೋಣು. ಕಾಣೂದನ್ನ ಬಿಡ್ರಿ." ತಿರುಗುವುದೆಲ್ಲ, ಅಂದರೆ ಬೇರಿಂಗು, ಚೈನು, ಕ್ಲಚ್ಚು, ಬ್ರೇಕು, ವೈರು ಎಲ್ಲವೂ ನೂರಕ್ಕೆ ನೂರು ಸರಿಯಾಗಬೇಕು, ಜೀವದ ಪ್ರಶ್ನೆ ಅದು. ಬಣ್ಣ, ಕ್ರೋಮು, ಬರಹ, ಸವೆದ ರಬ್ಬರು ಇದ್ದ ಹಾಗೆ ಇರಲಿ. ನಾವು ಮೇಣ ಹಚ್ಚಿ ತುಕ್ಕು ಮುಂದೆ ಹಬ್ಬದಂತೆ ಮಾಡಿದೆವು. ತಿಂದುಹೋದ ಮಡ್‌ಗಾರ್ಡಿಗೆ ಒಳಗಿನಿಂದ ತಗಡು ಬೆಸೆದೆವು, ಹೊರಗಿನಿಂದ ಮುಟ್ಟಲಿಲ್ಲ.

ಈ ಮಾತಿನ ಬೆಲೆ ಇನ್ನೂ ಚೆನ್ನಾಗಿ ತಿಳಿದದ್ದು ಸವಣೂರಿನಲ್ಲಿ. ಸವಣೂರೆಂದರೆ ನವಾಬರು, ದೊಡ್ಡಹುಣಸೆ ಮರಗಳು, ವೀಳ್ಯದೆಲೆ. ಎಲೆ ವ್ಯಾಪಾರ ಮಾಡುತ್ತಿದ್ದ ಒಬ್ಬ ಹಿರಿಯರ ಮನೆಯಲ್ಲಿ ಒಂದು ಯೆಜ್ಡಿ ಇತ್ತು, ಮೇಲೆ ನೀಲಿ ಬಣ್ಣ. ಟ್ಯಾಂಕಿನ ಅಡಿಯಲ್ಲಿ ಯಾರಿಗೂ ಕಾಣದ ಕಡೆ ಎಮರಿ ಪೇಪರಿನಿಂದ ನೀರು ಹಾಕಿ ಬೆರಳಗಲ ಉಜ್ಜಿದೆ. ನೀಲಿಯ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಕಾರ್ಖಾನೆಯ ಮರೂನ್. ಅವರು ಬಗ್ಗಿ ನೋಡಿ ತಾವೇ ಓದಿಹೇಳಿದರು: "ನೀಲಿ ದೊಡ್ಡ ಮಗಳ ಲಗ್ನದಾಗ ಬಳಿಸಿದ್ದು. ಕರೀದು ನಮ್ಮ ತಮ್ಮ ಓಡಸ್ತಿದ್ದಾಗಿಂದು. ಈ ಕೆಂಪ್ ಐತೆಲ್ಲಾ, ಇದು ನಾ ತಂದಾಗಿಂದು." ಬೆರಳಗಲ ತಗಡಿನಲ್ಲಿ ಒಂದು ಮನೆತನದ ಮೂರು ಕಾಲ ಕಂಡವು.

ಆಮೇಲೆ ನಾನು ಕೊಂಡ ಆ ಗಾಡಿಯ ವಿಶೇಷ ಅದರ ಕ್ಯಾರಿಯರು. ಸವಣೂರಿನ ಯಾವುದೋ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು, ಎರಡೂ ಬದಿಗೆ ಎಲೆಬುಟ್ಟಿ ಕೂರುವ ಹಾಗೆ. ಯೆಜ್ಡಿಗೆ ಎರಡೂ ಕಡೆ ಸೈಲೆನ್ಸರ್ ಇರುವುದರಿಂದ ಎರಡೂ ಕಡೆಯಿಂದ ಕಾವು ಬರುತ್ತದೆ, ವೀಳ್ಯದೆಲೆಯೋ ಸ್ವಲ್ಪ ಬಿಸಿ ತಾಗಿದರೆ ಬಾಡುತ್ತದೆ. ಆ ಬೆಸುಗೆಗಾರ ಸೈಲೆನ್ಸರಿಗೂ ಬುಟ್ಟಿಗೂ ನಡುವೆ ಬಾಗಿಸಿದ ತಗಡೊಂದನ್ನು ಕೂರಿಸಿ, ತಗಡಿಗೂ ಬುಟ್ಟಿಗೂ ಮಧ್ಯೆ ಗಾಳಿ ಹಾಯಲು ಸಂದು ಬಿಟ್ಟಿದ್ದ. ಗಾಡಿ ಓಡುವಾಗ ಗಾಳಿಯೇ ಆ ಸಂದಿನಿಂದ ಕಾವನ್ನು ಹಿಂದಕ್ಕೆ ಒಯ್ಯುತ್ತದೆ. ಬೆಳಗಿನ ಜಾವ ಕಟ್ಟಿದ ಎಲೆ ಹುಬ್ಬಳ್ಳಿಯ ಪೇಟೆಗೆ ಹಸಿರಾಗಿಯೇ ಮುಟ್ಟುತ್ತಿತ್ತಂತೆ. ಶಾಖ ಹೇಗೆ ಸಾಗುತ್ತದೆ ಎಂಬ ಪಾಠಕ್ಕೆ ಆ ಕ್ಯಾರಿಯರಿಗಿಂತ ಒಳ್ಳೆಯ ಉದಾಹರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಗಾಡಿಯನ್ನು ಶಾಲೆಯ ಅಂಗಳಕ್ಕೆ ತಂದು ಒಂಬತ್ತನೆಯ ತರಗತಿಯ ಮಕ್ಕಳಿಗೆ ತೋರಿಸಿ ಪಾಠ ಮಾಡಿದೆ.

ಕಂಪನಿಯಿಂದ ಬಂದ ಸ್ಥಿತಿಗೆ ಗಾಡಿಯನ್ನು ಮರಳಿಸುವುದೇ ನಿಜವಾದ ಜೀರ್ಣೋದ್ಧಾರ ಎನ್ನುವವರು ಬಹಳ. ಅವರ ಲೆಕ್ಕದಲ್ಲಿ ಈ ಕ್ಯಾರಿಯರು ಕಿತ್ತು ಗುಜರಿಗೆ ಹಾಕುವ ಕಬ್ಬಿಣ. ಅವರಿಗೆ ನಾನು ಮಸ್ಟಾಂಗಿನ ಕಥೆ ಹೇಳುತ್ತೇನೆ. 1968ರ 'ಬುಲಿಟ್' ಸಿನೆಮಾದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ ಹಸಿರು ಮಸ್ಟಾಂಗನ್ನು 1974ರಲ್ಲಿ ಒಂದು ಸಾಮಾನ್ಯ ಕುಟುಂಬ 6,000 ಡಾಲರಿಗೆ ಕೊಂಡು ದಿನಬಳಕೆಗೆ ಇಟ್ಟುಕೊಂಡಿತು. ಮನೆಯಾಕೆ ಅದರಲ್ಲೇ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದರು. ಮೆಕ್ವೀನ್ ತಾನೇ ಪತ್ರ ಬರೆದು ಕೇಳಿದರೂ ಅವರು ಕೊಡಲಿಲ್ಲ. ಆಮೇಲೆ ಕಾರು ದಶಕಗಳ ಕಾಲ ಮೂಲೆಯಲ್ಲಿ ನಿಂತಿತು. 2020ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ ಅದಕ್ಕೆ ಬಂದ ಕೂಗು 34 ಲಕ್ಷ ಡಾಲರ್, ಆಗಿನ ದರದಲ್ಲಿ ಸುಮಾರು 24 ಕೋಟಿ ರೂಪಾಯಿ. ಬಣ್ಣ ಮಾಸಿತ್ತು, ತುಕ್ಕು ಹಿಡಿದಿತ್ತು, ಯಾರೂ ಹೊಸದು ಮಾಡಿರಲಿಲ್ಲ. ಅದು ಸಿನೆಮಾದ ಅದೇ ಕಾರು ಎಂದು ಗುರುತಿಸಲು ನೆರವಾದವುಗಳಲ್ಲಿ ಚಿತ್ರೀಕರಣಕ್ಕಾಗಿ ಕ್ಯಾಮೆರಾ ಕೂರಿಸಲು ಅಡಿಯಲ್ಲಿ ಬೆಸೆದಿದ್ದ ಕಬ್ಬಿಣವೂ ಒಂದು. ಫೋರ್ಡ್ ಕಂಪನಿ ಹಾಕಿದ್ದಲ್ಲ ಅದು. ಯಾರಾದರೂ ಕಾರನ್ನು ಕಂಪನಿಯ ಸ್ಥಿತಿಗೆ ತಂದಿದ್ದರೆ ಆ ಗುರುತು ಅಳಿಸಿಹೋಗುತ್ತಿತ್ತು.

ಸವಣೂರಿನ ಕ್ಯಾರಿಯರಿಗೆ ಕೋಟಿ ರೂಪಾಯಿ ಬರುವುದಿಲ್ಲ, ನನಗದು ಬೇಕಾಗಿಯೂ ಇಲ್ಲ. ಆದರೆ ಆ ಗಾಡಿ ಎಲ್ಲಿ ದುಡಿಯಿತು, ಯಾರಿಗೆ ಅನ್ನ ಹಾಕಿತು ಎಂಬುದಕ್ಕೆ ಅದೊಂದೇ ಸಾಕ್ಷಿ. ಮೈಸೂರಿನಿಂದ ಒಂದೇ ನಮೂನೆಯಲ್ಲಿ ಹೊರಟ ಸಾವಿರಾರು ಗಾಡಿಗಳು ನಮ್ಮ ತಾಲ್ಲೂಕುಗಳಲ್ಲಿ ಬೇರೆ ಬೇರೆಯಾದವು. ಹಿರೇಕೆರೂರ, ಸವಣೂರ ಕಡೆಯ ಎರಿ ಹೊಲದ ಮಣ್ಣು ಮಳೆಗಾಲದಲ್ಲಿ ಮಡ್‌ಗಾರ್ಡಿಗೂ ಗಾಲಿಗೂ ನಡುವೆ ಕಚ್ಚಿಕೊಂಡು ಗಾಡಿಯನ್ನು ನಿಲ್ಲಿಸಿಬಿಡುತ್ತದೆ. ಅದಕ್ಕೇ ಅಲ್ಲಿಯ ಅನೇಕರು ಮುಂದಿನ ಮಡ್‌ಗಾರ್ಡನ್ನು ವಾಷರ್ ಹಾಕಿ ಎತ್ತರಿಸಿದರು. ಅದನ್ನು ಇಳಿಸಿ ಸರಿಮಾಡಿದರೆ ಎರಿ ಮಣ್ಣಿನ ನೆನಪೇ ಗಾಡಿಯಿಂದ ಹೋದಂತೆ.

ಹಿರೇಕೆರೂರಿನಲ್ಲಿ ನಾನು ಕಂಡ ಅತ್ಯುತ್ತಮ ರೋಡ್‌ಕಿಂಗನ್ನು ನಾನು ಕೊಳ್ಳಲಿಲ್ಲ. ರಟ್ಟೀಹಳ್ಳಿ ರಸ್ತೆಯ ಮನೆ, ಅಂಗಳದ ತುಂಬ ಗೋವಿನಜೋಳ ಒಣಗಹಾಕಿತ್ತು. ಮನೆಯ ಯಜಮಾನರು ನಿವೃತ್ತ ಕಂಪೌಂಡರು. ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು, ನಿಂಬೆಹಣ್ಣು ಕಟ್ಟಿ, ಊದುಬತ್ತಿ ಬೆಳಗಿ, ಒಮ್ಮೆ ಕಿಕ್ ಹೊಡೆದು ಎಂಜಿನ್ ಬಿಸಿಯಾಗುವ ತನಕ ಓಡಿಸಿ ನಿಲ್ಲಿಸುವುದು ಅವರ ಪದ್ಧತಿ. ನಿಂತ ಎಂಜಿನ್ ಜಾಮ್ ಆಗದಂತೆ ಇಡಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ಯಾವ ತಜ್ಞರೂ ಹೇಳಲಾರರು. ತಿಂಗಳಿಗೊಮ್ಮೆ ರಿಂಗು ಸರಿಯುತ್ತದೆ, ಸೀಲುಗಳಿಗೆ ಎಣ್ಣೆ ತಾಗುತ್ತದೆ. ಅವರು ಪ್ರತಿಯೊಂದು ರಿಪೇರಿಯ ಚೀಟಿಯನ್ನೂ ತಂತಿಗೆ ಪೋಣಿಸಿ ಗೋಡೆಗೆ ತೂಗುಹಾಕಿದ್ದರು. "ಮಾರೂದಲ್ಲ ಸರ. ಆದ್ರ ನಿಮಗ ಕೇಳಬೇಕು ಅನಿಸಿದಾಗ ಅಮಾಸಿಗಿ ಬರ್ರಿ" ಎಂದರು. ಆಮೇಲೆ ಎಷ್ಟೋ ಅಮಾವಾಸ್ಯೆಗೆ ಹೋಗಿದ್ದೇನೆ.

ಈಚೆಗೆ ಅವರಿಗೆ ಹೊಸ ಚಿಂತೆ ಶುರುವಾಗಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಇದು ಒಳ್ಳೆಯದಲ್ಲ. ಟ್ಯಾಂಕು ಖಾಲಿ ಮಾಡಿ ನಿಲ್ಲಿಸಿ, ಕಾರ್ಬುರೇಟರಿನಲ್ಲಿ ಹನಿಯೂ ಉಳಿಯದಂತೆ ನೋಡಿ, ಪೈಪು, ವಾಷರುಗಳನ್ನು ಎಥೆನಾಲ್ ತಡೆಯುವಂಥವಕ್ಕೆ ಬದಲಿಸಿ ಎಂದು ಹೇಳಿ ಬಂದೆ. ಆ ಎಥೆನಾಲನ್ನು ಗೋವಿನಜೋಳದಿಂದಲೂ ತೆಗೆಯುತ್ತಾರೆ, ಹಿರೇಕೆರೂರಿನ ರೈತರ ಮುಖ್ಯ ಬೆಳೆಯೇ ಅದು. ಹೀಗಾಗಿ ಆ ಅಂಗಳದಲ್ಲಿ ನಿಂತು ಎಥೆನಾಲನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ.

2021ರಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ಬೇರೆ ನೋಂದಣಿ ತಂದಿತು. ನಂಬರಿನಲ್ಲಿ 'ವಿಎ' ಎಂದು ಬರುತ್ತದೆ, ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ. ಮೊದಲ ಯೆಜ್ಡಿಗಳೂ ಈಗ ಆ ವಯಸ್ಸಿಗೆ ಬಂದಿವೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕೆ ಬಿಟ್ಟರೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ನಗರದ ಸಂಗ್ರಹಕಾರರಿಗೆ ಅದು ಅನುಕೂಲ. ನಾನು ಮಾತ್ರ ಹಳೆಯ ನೋಂದಣಿಯನ್ನೇ ನವೀಕರಿಸುತ್ತ ಬಂದಿದ್ದೇನೆ. ಎಲೆ ಹೊತ್ತ ಗಾಡಿ ಮಂಗಳವಾರವೋ ಶುಕ್ರವಾರವೋ ಸಂತೆಗೆ ಹೋಗಿ ತರಕಾರಿಯನ್ನಾದರೂ ಹೊತ್ತು ತರಬೇಕು ಎಂಬುದು ನನ್ನ ಆಸೆ.

ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಹೊಸ ಗಾಡಿಗಳ ಮೇಲೆ ಮತ್ತೆ ಬಂದಿವೆ. ಫೋರ್-ಸ್ಟ್ರೋಕ್ ಎಂಜಿನ್, ಬೇರೆ ಸದ್ದು. ಅವು ಬಂದಮೇಲೆ ಹಳೆಯವನ್ನು ಹುಡುಕಿಕೊಂಡು ಬರುವ ಹುಡುಗರು ಹೆಚ್ಚಿದ್ದಾರೆ, ಅದು ಸಂತೋಷ. ಚಾಚಾ ಈಗಿಲ್ಲ. ಅವರ ಮೊಮ್ಮಗ ಅದೇ ಓಣಿಯಲ್ಲಿ ಅಂಗಡಿ ನಡೆಸುತ್ತಾನೆ, ಯೆಜ್ಡಿ ಬಂದರೆ ಬೇರೆ ಕೆಲಸ ಬದಿಗಿಟ್ಟು ಅದನ್ನು ಹಿಡಿಯುತ್ತಾನೆ, ಪಾಯಿಂಟನ್ನು ಅಜ್ಜನ ಹಾಗೆಯೇ ಮೊದಲು ಕಣ್ಣಿಂದ ಇಡುತ್ತಾನೆ.

ಮೊನ್ನೆ ಬೆಂಗಳೂರಿನಿಂದ ಒಬ್ಬರು ಸವಣೂರಿನ ಯೆಜ್ಡಿ ನೋಡಲು ಬಂದಿದ್ದರು. ಗಾಡಿ ಬಲ್ಲವರು, ಒಳ್ಳೆಯ ದರ ಹೇಳಿದರು. ಕ್ಯಾರಿಯರ್ ಬಿಚ್ಚಿಸಿ, ಮೂಲ ಮರೂನ್ ಹೊಡೆಸುವ ಆಲೋಚನೆ ಅವರದು. ಟ್ಯಾಂಕಿನ ಅಡಿಯ ಮೂರು ಬಣ್ಣ ತೋರಿಸಿದೆ, ತಗಡಿನ ಸಂದಿನಲ್ಲಿ ಕೈ ಇಡಿಸಿ ಬೆಸುಗೆಗಾರನ ಉಪಾಯ ವಿವರಿಸಿದೆ. ಕ್ಯಾರಿಯರೂ ನೀಲಿ ಬಣ್ಣವೂ ಇದ್ದ ಹಾಗೇ ಇರುತ್ತವೆಂದರೆ ಅವರು ಹೇಳಿದ್ದಕ್ಕಿಂತ ಕಡಿಮೆಗೇ ಕೊಡುತ್ತೇನೆ ಎಂದೆ. ವಿಚಾರ ಮಾಡಿ ದಸರೆಯ ಹೊತ್ತಿಗೆ ತಿಳಿಸುತ್ತೇನೆಂದು ಹೋಗಿದ್ದಾರೆ. ಅಷ್ಟರೊಳಗೆ ಕ್ಲಚ್ ಪ್ಲೇಟಿಗೆ ಹೊಸ ಕಾರ್ಕ್ ಹಾಕಿಸಬೇಕು, ಎರಡೂ ಸೈಲೆನ್ಸರ್ ಬಿಚ್ಚಿ ಮಸಿ ಸುಡಬೇಕು. ಬಂಕಾಪುರದ ಹುಡುಗ ರವಿವಾರ ಬಾ ಎಂದಿದ್ದಾನೆ.